ರಾಣಿಯ ಎರಡು ತೋಳು

ದರ್ಜಿ ಅಜ್ಜನ ಮನೆಯ ಬಾಗಿಲು ಬಡಿದ ಸದ್ದಾಯಿತು. ಹಳೆಯ ಕಪ್ಪು-ಬಿಳುಪು ಸಿನಿಮಾಗಳಿಗೆ ಬಣ್ಣ ತುಂಬುವ ಕಂಪನಿಯ ಹುಡುಗಿ ಬಂದಿದ್ದಳು. ಆ ಸಿನಿಮಾಗಳಿಗೆ ಉಡುಪು ಹೊಲಿದವರಲ್ಲಿ ಬದುಕಿರುವವರು ಇವರೊಬ್ಬರೇ. ಯಾವ ಬಟ್ಟೆ ಯಾವ ಬಣ್ಣದ್ದೆಂದು ಇವರೇ ಹೇಳಬೇಕು.

"ನಮ್ಮಪ್ಪನ್ನ ಕೇಳಿ, ಎಷ್ಟು ಗುಂಡಿ ಇತ್ತು ಅಂತಾನೂ ಹೇಳ್ತಾರೆ," ಎಂದಳು ಮಗಳು. ಈಗ ಹೊಲಿಗೆ ಅಂಗಡಿ ನಡೆಸುವವಳು ಅವಳೇ.

ಗುಂಡಿಯ ಲೆಕ್ಕ ಹೇಳಬಲ್ಲರು. ಬಣ್ಣ ಹೇಳಲಾರರು. ಹುಟ್ಟಿನಿಂದ ಅವರ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಗೊತ್ತಿದ್ದವಳು ತೀರಿಹೋದ ಹೆಂಡತಿ ಮಾತ್ರ. ಕೆಂಪು ದಾರದ ತುದಿಗೆ ಒಂದು ಗಂಟು, ಹಸಿರಿಗೆ ಎರಡು ಹಾಕಿಡುತ್ತಿದ್ದಳು. ಅವಳು ಹೆರಿಗೆಗೆ ತವರಿಗೆ ಹೋದಾಗ ಅಜ್ಜ ರಾಣಿಯ ನಿಲುವಂಗಿಗೆ ಒಂದು ತೋಳು ಕೆಂಪು, ಒಂದು ತೋಳು ಹಸಿರು ಹೊಲಿದರು. ಚಿತ್ರೀಕರಣದಲ್ಲಿ ಎಲ್ಲರೂ ನಕ್ಕಾಗ ಬಟ್ಟೆ ಸಾಲಲಿಲ್ಲವೆಂದರು. ಪರದೆಯ ಮೇಲೆ ಎರಡೂ ಒಂದೇ ಬೂದು ಬಣ್ಣವಾಗಿ ಕಂಡವು. ಬಣ್ಣದ ಸಿನಿಮಾ ಬಂದ ವರ್ಷವೇ ಸೊಂಟನೋವೆಂದು ಆ ಕೆಲಸ ಬಿಟ್ಟರು.

"ಇದ್ದ ಹಾಗೇ ಚೆನ್ನಾಗಿದೆಯಲ್ಲ ತಾಯಿ, ಬಣ್ಣ ಯಾಕೆ?"

"ಈಗಿನ ಮಕ್ಕಳು ಬಣ್ಣ ಇಲ್ದಿದ್ರೆ ಕಣ್ಣೆತ್ತಿ ನೋಡಲ್ಲ ತಾತ. ರಾಣಿಯ ನಿಲುವಂಗಿ ಹೇಳಿ."

ತವರಿನಿಂದ ಬಂದ ಮೇಲೆ ಹೆಂಡತಿ ಹೇಳಿಕೊಟ್ಟದ್ದನ್ನು ಅಜ್ಜ ಒಪ್ಪಿಸಿದರು: "ಎಡ ತೋಳು ಕೆಂಪು, ಬಲ ಹಸಿರು. ಬಟ್ಟೆ ಸಾಲಲಿಲ್ಲ."

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮಗಳು ಒಳಗಿನಿಂದ ಹಳೆಯ ತಗಡಿನ ಡಬ್ಬಿ ತಂದಳು. "ಆ ಬಟ್ಟೆಯ ಚೂರು ಇನ್ನೂ ಇಟ್ಟಿದಾರೆ ನೋಡಿ!"

ಎರಡು ಚೂರು ಅಜ್ಜನ ತೊಡೆಯ ಮೇಲೆ ಬಿದ್ದವು.

"ಎಡ ತೋಳಿಂದು ಕೊಡಿ ತಾತ. ಅದೇ ಕೆಂಪು ಹಿಡೀಬೇಕು."

ಅಜ್ಜ ಉಜ್ಜಿ ನೋಡಿದರು, ಬೆಳಕಿಗೆ ಹಿಡಿದರು. ಎರಡೂ ಒಂದೇ. ಕಣ್ಣು ಮುಚ್ಚಿ ಒಂದನ್ನು ಎತ್ತಿ ಕೊಟ್ಟರು.

ಹುಡುಗಿ ತೆಗೆದುಕೊಳ್ಳಲಿಲ್ಲ. ಮಗಳ ನಗು ಅಲ್ಲೇ ನಿಂತಿತು.

"ಅಪ್ಪಾ, ಅದು ಹಸಿರು."

ಇಷ್ಟು ವರ್ಷ ಹೆದರಿದ್ದು ಈ ಮಾತಿಗೇ. ಅಜ್ಜ ತಲೆ ತಗ್ಗಿಸಿದರು. ಇನ್ನು ಇವಳೂ ನಗುತ್ತಾಳೆ.

ಮಗಳು ನಗಲಿಲ್ಲ. ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ಅಮ್ಮನ ದಾರದ ಉಂಡೆಗಳನ್ನು ಎತ್ತಿ ತುದಿಯ ಗಂಟುಗಳನ್ನು ಮುಟ್ಟಿ ನೋಡಿದಳು. "ಅಮ್ಮಂಗೆ ಗಂಟು ಹಾಕೋ ಚಟ ಅಂತ ಆಡ್ಕೊಂಡು ನಗ್ತಿದ್ದೆ," ಎಂದಳು ಮೆಲ್ಲಗೆ. ಕೆಂಪು ಚೂರಿನ ಮೂಲೆಗೆ ಒಂದು ಗಂಟು ಹಾಕಿ ಅಪ್ಪನ ಕೈಯಲ್ಲಿಟ್ಟಳು.

"ಈಗ ನೀವೇ ಕೊಡಿ ಅಪ್ಪಾ."