ಶಾಲು ಒಲ್ಲೆಂದ ಕಂಡಕ್ಟರ್ ಚಾಚಾ

ಕಂಡಕ್ಟರ್ ಚಾಚಾ ಅವರ ಎಡಗಿವಿಯ ಸಂದಿನಲ್ಲಿ ಸದಾ ಒಂದು ನೀಲಿ ಪೆನ್ನು ಇರುತ್ತಿತ್ತು. ಟಿಕೆಟ್ ಮಷಿನ್ ಬಂದು ಎಷ್ಟೋ ವರ್ಷವಾದರೂ ಅದನ್ನು ತೆಗೆದಿರಲಿಲ್ಲ. ಕೇಳಿದರೆ, "ಮಷಿನ್ ಕೈ ಕೊಟ್ಟರ ಇದ ನನ್ನ ಸ್ಟೆಪ್ನಿ" ಎನ್ನುತ್ತಿದ್ದರು.

ನಾನು ಕಟಕೋಳದ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯ ನರ್ಸ್. ರಾಮದುರ್ಗದಿಂದ ದಿನಾ ಅವರ ಬಸ್ಸಿಗೇ ಹೋಗುತ್ತಿದ್ದೆ. ಬಸುರಿ ಹೆಂಗಸು ಹತ್ತಿದರೆ ಸಾಕು, "ಯಾರರ ಪುಣ್ಯಾ ಗಳಸ್ಕೋರಿ, ಸೀಟು ಬಿಡ್ರಿ" ಎಂದು ಕೂಗುವರು. ಯಾರೂ ಏಳದಿದ್ದರೆ, "ಇವತ್ತ ಪುಣ್ಯಾ ಸೋವಿ ಆಗೇತಿ, ಗಿರಾಕೀನ ಇಲ್ಲ" ಎನ್ನುವರು. ಆಮೇಲೆ ನಾಲ್ಕು ಮಂದಿ ಒಟ್ಟಿಗೇ ಏಳುತ್ತಿದ್ದರು.

ಆ ಚೇಷ್ಟೆಯ ನಾಲಿಗೆಯೇ ಒಂದು ದಿನ ಎಡವಟ್ಟು ಮಾಡಿತು. ಹೆಂಗಸರಿಗೆ ಬಸ್ಸು ಫ್ರೀ ಆದ ಹೊಸತು. ಹೊಸದಾಗಿ ಮದುವೆಯಾದ ಜೋಡಿಯೊಂದು ಹತ್ತಿತ್ತು. ಹುಡುಗಿಯ ತವರು ಮಹಾರಾಷ್ಟ್ರ, ಆಧಾರ್ ಕಾರ್ಡಿನ ವಿಳಾಸವೂ ಅಲ್ಲಿಯದೇ. ಅದಕ್ಕೆ ಫ್ರೀ ಟಿಕೆಟ್ ಬರುವುದಿಲ್ಲ. ಚಾಚಾ ಕಾರ್ಡು ತಿರುಗಿಸಿ ನೋಡಿ, "ತಂಗೀ, ಮದುವಿ ಆತು, ಆದ್ರ ಕಾರ್ಡಿನ್ನೂ ತವರಮನಿ ಬಿಟ್ಟ ಬಂದಿಲ್ಲ" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಗಂಡನಿಗೆ ಅದನ್ನು ಸಹಿಸಲಾಗಲಿಲ್ಲ. ಎದ್ದವನೇ ಚಾಚಾ ಅವರ ಎಡಗಪಾಳಕ್ಕೆ ಬಾರಿಸಿದ. ಪೆನ್ನು ಹಾರಿ ಸೀಟಿನ ಕೆಳಗೆ ಬಿತ್ತು.

ಇಂಥದಾದರೆ ಬಸ್ಸನ್ನು ಮಂದಿ ಸಮೇತ ಸೀದಾ ಠಾಣೆಗೆ ಒಯ್ಯುವುದು ನಮ್ಮ ಕಡೆಯ ರೂಢಿ. ಡ್ರೈವರ್ ಅದಕ್ಕೇ ಹೊರಟಿದ್ದರು. ಚಾಚಾ ತಡೆದರು. ಊದಿದ ಗಲ್ಲ ಹಿಡಿದುಕೊಂಡೇ ರಸ್ತೆಗಿಳಿದು, ಹಿಂದೆ ಬರುತ್ತಿದ್ದ ಬಸ್ಸು ನಿಲ್ಲಿಸಿ ಮಂದಿಯನ್ನು ಅದಕ್ಕೆ ಹತ್ತಿಸಿದರು. "ಇವರೆಲ್ಲಾ ಮೊದಲ ಊರ ಮುಟ್ಟಲಿ. ಕಣ್ಣಾರೆ ಕಂಡೋರು ಒಬ್ಬಿಬ್ಬರು ಉಳೀರಿ, ಸಾಕು." ನಾನು ಉಳಿದೆ. ಆ ಜೋಡಿಯನ್ನು ಕೂರಿಸಿಕೊಂಡು ಬಸ್ಸು ಠಾಣೆಗೆ ಹೊರಟಿತು.

ಠಾಣೆಗೆ ನಮಗಿಂತ ಮೊದಲೇ, ಫೋನಿನಲ್ಲಿ ಸುದ್ದಿ ತಿಳಿದ ಹುಡುಗನ ಊರಿನ ಹಿರಿಯರು ಶಾಲು, ತೆಂಗಿನಕಾಯಿ ಹಿಡಿದು ಬಂದು ನಿಂತಿದ್ದರು. ರಾಜಿ ಎಂದರೆ ನಮ್ಮಲ್ಲಿ ಅಷ್ಟೇ. ಶಾಲು ಹೊದಿಸಿ, ಚಹಾ ಕುಡಿಸಿ, ಕೈ ಮುಗಿದು ಮುಗಿಸಿಬಿಡುತ್ತಾರೆ.

"ಸಣ್ಣ ಹುಡುಗ, ಬುದ್ಧಿ ಇಲ್ಲ. ಹೊಟ್ಟ್ಯಾಗ ಹಾಕ್ಕೋ ಚಾಚಾ" ಎಂದರು ಹಿರಿಯರು.

ಚಾಚಾ ಚಹಾ ಕುಡಿದರು. ಆಮೇಲೆ ಆ ಹೊಸ ಮದುಮಗಳ ಮುಂದೆ ನಿಂತು, "ತಂಗೀ, ನಾಕ ಮಂದ್ಯಾಗ ನಿನಗ ಚ್ಯಾಷ್ಟಿ ಮಾಡಿದ್ದು ನನ್ನ ತಪ್ಪು. ಮಾಫ್ ಮಾಡವಾ" ಎಂದು ಕೈ ಮುಗಿದರು. ಹುಡುಗಿ ತಲೆ ತಗ್ಗಿಸಿದಳು. ಮುಗಿಯಿತೆಂದು ಒಬ್ಬರು ಶಾಲು ಬಿಚ್ಚಿದರು.

"ಶಾಲು ಬ್ಯಾಡ್ರಿ" ಎಂದರು ಚಾಚಾ. "ನನ್ನ ತಪ್ಪಿಗಿ ನಾ ಕೈ ಮುಗದೇನಿ. ಡ್ಯೂಟಿ ಮ್ಯಾಲಿದ್ದಾವನ ಮ್ಯಾಲ ಕೈ ಮಾಡಿದ್ದಕ್ಕ ಕಾಯ್ದೆ ಐತಿ. ಅದನ್ನ ಮಾಫ್ ಮಾಡಾಕ ಆ ಬಸ್ಸೇನು ನಮ್ಮಪ್ಪಂದಲ್ಲ. ನಾಳಿ ನಮ್ಮ ಡಿಪೋದ ಹೆಣ್ಣುಮಗಳ ಮ್ಯಾಲ ಯಾರರ ಕೈ ಎತ್ತೂ ಮುಂದ ಇದು ನೆನಪಾಗಲಿ."

ಮುಂದೆ ಅವರ ಮೇಲೆ ಏನು ಒತ್ತಡ ಬಂದರೂ ದೂರು ಹಿಂದೆ ತೆಗೆಯಲಿಲ್ಲ. ಈ ಕೇಸಿಗೆ ಠಾಣೆಯಲ್ಲೇ ಜಾಮೀನು ಸಿಗುವುದಿಲ್ಲವೆಂದು ಸುತ್ತಲಿನ ಊರುಗಳಿಗೆ ಗೊತ್ತಾಗಿದ್ದೇ ಆಗ. ಆದರೆ ಆ ಏಟಿಗೆ ಚಾಚಾ ಅವರ ಎಡಗಿವಿ ಮಂದವಾಯಿತು. ಅದರ ಮೇಲೆ ಪೆನ್ನು ಮಾತ್ರ ಮತ್ತೆ ಬಂದು ಕೂತಿತು.

ಮರುವರ್ಷ ರೋಗಿಯ ಸಂಬಂಧಿಯೊಬ್ಬ ವಾರ್ಡಿನಲ್ಲೇ ನನ್ನ ಕೈ ತಿರುಚಿದ. ಮತ್ತೆ ಹಿರಿಯರು ಬಂದರು, ಶಾಲೂ ಬಂತು. ನನ್ನ ಮನೆಯವರೇ, "ಹೋಗಲಿ ಬಿಡು" ಎಂದರು. ನಾನು ಚಹಾ ಕುಡಿದು, ಶಾಲು ಒಲ್ಲೆನೆಂದು ಹೇಳಿ, ದೂರು ಕೊಟ್ಟು ಬಂದೆ.

ಹೋದ ರಂಜಾನಿನಲ್ಲಿ ಚಾಚಾ ತೀರಿಕೊಂಡರು. ಅವರ ಮನೆಗೆ ಹೋದಾಗ ಡಿಪೋದ ಇಬ್ಬರು ಹೆಣ್ಣುಮಕ್ಕಳು, ಕಂಡಕ್ಟರರು, ಡ್ಯೂಟಿಯ ಖಾಕಿಯಲ್ಲೇ ಬಂದು ಕೂತಿದ್ದರು. ಯಾರೂ ಕೇಳದಿದ್ದರೂ, "ಚಾಚಾನ ಕೇಸಿಗೆ ಸಾಕ್ಷಿ ಹೇಳಿದಾಕಿ ನಾನ" ಎಂದೆ. ಅವರಿಬ್ಬರೂ ಎದ್ದು ನಿಂತು ನನಗೆ ಜಾಗ ಬಿಟ್ಟರು.