ಬುತ್ತಿ ಬಿಚ್ಚದ ಹೊಲ

ಈ ಅನುಭವಕ್ಕೆ ನಾನು ತೆತ್ತದ್ದು ಬಿಸಿ ಅನ್ನದ ರುಚಿ. ಇವತ್ತಿಗೂ ಮನೆಯಲ್ಲಿ ಅನ್ನ ಬಸಿಯುವ ಹೊತ್ತಿಗೆ ಎದ್ದು ಹೊರಗೆ ಹೋಗುತ್ತೇನೆ. ಮುದ್ದೆ ಉಂಡೇ ಬದುಕಿದ್ದೇನೆ. ಬಾಯಿಗಿಟ್ಟ ಒಂದೇ ತುತ್ತು ಅದಕ್ಕೆ ಕಾರಣ. ದೆವ್ವ, ಗಾಳಿ ಅಂದವರನ್ನು ಅಂಗಡಿ ಮುಂದೆ ನಿಲ್ಲಿಸಿಕೊಂಡು ಗೇಲಿ ಮಾಡುತ್ತಿದ್ದವನು ನಾನು. ಈಗಲೂ ದೆವ್ವ ಎನ್ನುತ್ತಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಬಿಳಿಕೆರೆಯಲ್ಲಿ ಹಳೆ ಪಂಪ್‌ಸೆಟ್ ಕೊಂಡು ಮಾರುತ್ತಿದ್ದೆ. ಭಾನುವಾರ ಬಂದರೆ ಗೆಳೆಯರನ್ನು ಕಟ್ಟಿಕೊಂಡು ಬೆಟ್ಟ ಹತ್ತುವುದು, ಹಿನ್ನೀರಿನಲ್ಲಿ ತೆಪ್ಪ ಬಿಡುವುದು, ಬಯಲಲ್ಲೇ ಮಲಗುವುದು, ಇದೇ ಹುಚ್ಚು. ಈ ಹುಚ್ಚನ್ನೇ ಕಸುಬು ಮಾಡಿಕೊಂಡರೆ ಏನು ಅನ್ನಿಸಿತು. ಅಂತರಸಂತೆಯ ಆಚೆ, ಹಿನ್ನೀರಿನ ಆ ದಡಕ್ಕೆ ಕಾಕನಕೋಟೆ ಕಾಡು ಕಾಣುವ ಒಂದು ಹೊಲವನ್ನು ಪ್ರವಾಸಿಗರಿಗೆ ಟೆಂಟ್ ಹಾಕಲು ಗುತ್ತಿಗೆ ಹಿಡಿದೆ. ಹೊಲದ ಯಜಮಾನರು ಚಿಕ್ಕೇಗೌಡರು. ನಾನು ಹೇಳಿದ ಮೊದಲ ಬೆಲೆಗೇ ಒಪ್ಪಿಬಿಟ್ಟರು. ಚೌಕಾಸಿಯೇ ಇಲ್ಲದ ವ್ಯಾಪಾರ ನನಗೆ ಒಗ್ಗುವುದಿಲ್ಲ. ಆದರೂ ಅಂಗಡಿ ಮಾರಿ ಟೆಂಟು, ಹಗ್ಗ, ತೆಪ್ಪ ತಂದೆ.

ಮೊದಲು ಬಂದವರು ಮೈಸೂರಿನ ಒಬ್ಬ ಮೇಷ್ಟ್ರು. ಊಟ, ವ್ಯವಸ್ಥೆ ಒಪ್ಪಿಗೆಯಾದರೆ ವರ್ಷವಿಡೀ ಮಕ್ಕಳ ತಂಡಗಳನ್ನು ಕಳಿಸುತ್ತೇನೆ ಎಂದಿದ್ದರು. ಅಂಗಡಿ ಮಾರಿ ಕೂತವನಿಗೆ ಅವರನ್ನು ಬಿಟ್ಟರೆ ಗತಿಯಿರಲಿಲ್ಲ. ಬೆಳಿಗ್ಗೆ ತೆಪ್ಪದಲ್ಲಿ ಸುತ್ತಾಡಿ ಖುಷಿಯಾಗಿಯೇ ಬಂದರು.

ಮಧ್ಯಾಹ್ನ, ಹಂಪಾಪುರದಿಂದ ಅಡುಗೆಗೆ ಕರೆತಂದಿದ್ದ ಜಯಮ್ಮ ಆಗತಾನೇ ಬಸಿದ ಅನ್ನದ ಮುಚ್ಚಳ ತೆಗೆದಳು. ಹಬೆಯ ಜೊತೆ ಸತ್ತ ಇಲಿಯ ನಾತ ಎದ್ದಿತು. ಸೌಟು ಎತ್ತಿದರೆ ಅಗುಳು ಲೋಳೆಯಾಗಿ, ನೂಲಿನಂತೆ ಇಳಿಯಿತು.

“ಅಣ್ಣೋ, ಇದು ಈಗ ಬೆಂದ ಅನ್ನ ಅಲ್ಲ ಕಣಣ್ಣ. ವಾರದ್ದು,” ಎಂದು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಚೆಲ್ಲಿಸಿದೆ. ಪಾತ್ರೆ ಬದಲಿಸಿ, ಕ್ಯಾನಿನ ನೀರು ಹಾಕಿಸಿ, ಹೊಸ ಮೂಟೆ ಬಿಚ್ಚಿಸಿ ಮತ್ತೆ ಬೇಯಿಸಿದೆವು. ಅದೇ ನಾತ, ಅದೇ ಲೋಳೆ. ಅಷ್ಟರಲ್ಲಿ ಮೇಷ್ಟ್ರು ಬಂದು ಒಲೆಯ ಪಕ್ಕವೇ ನಿಂತಿದ್ದರು. ಮಾಲು ಒಳ್ಳೆಯದೆಂದು ತೋರಿಸುವ ಚಾಳಿ ನನ್ನದು. ಏನೂ ಆಗಿಲ್ಲ ಸಾರ್, ನಾನೇ ತಿಂತೀನಿ ನೋಡಿ ಎಂದು ಒಂದು ತುತ್ತು ಬಾಯಿಗಿಟ್ಟೆ. ಅದು ಅಂಗುಳಕ್ಕೆ ಅಂಟಿತು. ನಾನು ನುಂಗಲಿಲ್ಲ, ಅದೇ ತಾನಾಗಿ ಗಂಟಲಿಗೆ ಜಾರಿತು. ಅವರ ಚಪ್ಪಲಿಯ ಮೇಲೇ ವಾಂತಿ ಮಾಡಿಕೊಂಡೆ.

“ಮಕ್ಕಳಿಗೂ ಇದನ್ನೇ ಹಾಕ್ತಿದ್ರೇನ್ರೀ?” ಎಂದವರು ಕಾರು ಹತ್ತಿ ಹೋದರು.

ಜಯಮ್ಮನಿಗೆ ರೋಷ ಬಂತು. ಅದೇ ಮೂಟೆಯ ಅಕ್ಕಿ, ಅದೇ ಪಾತ್ರೆ ಹೊತ್ತುಕೊಂಡು ಬದು ದಾಟಿ, ಪಕ್ಕದ ಹೊಲದಲ್ಲಿ ಒಲೆ ಹೂಡಿದಳು. ಅನ್ನ ಮಲ್ಲಿಗೆಯಂತೆ ಅರಳಿತು. ಅವಳು ಉಂಡಳು. ನನಗೆ ನೋಡಲೂ ಆಗಲಿಲ್ಲ.

ಸಂಜೆ ಚಿಕ್ಕೇಗೌಡರನ್ನು ಹಿಡಿದು ಕೇಳಿದೆ. ಅವರು ಬೀಡಿ ಹಚ್ಚಿಕೊಂಡೇ ಹೇಳಿದರು: “ಆ ವಲದಲ್ಲಿ ಆಳುಗೋಳೂ ಬುತ್ತಿ ಬಿಚ್ಚಾಕಿಲ್ಲ ಕಣಪ್ಪ. ಬದು ದಾಟಿ ಉಣ್ತಾರೆ. ಯಾಕೆ ಅಂತ ನಮ್ಮಪ್ಪನೂ ಏಳ್ನಿಲ್ಲ.”

ನನಗೇಕೆ ಮೊದಲೇ ತಿಳಿಸಲಿಲ್ಲ ಎಂದು ರೇಗಿದೆ.

“ಟೆಂಟ್ ಆಕ್ತೀನಿ ಅಂದೆ. ಒಲೆ ಊಡ್ತೀನಿ ಅಂತ ನೀನೆಲ್ಲಿ ಏಳ್ದೆ?”

ನೀರನ್ನು, ಮಣ್ಣನ್ನು ಪರೀಕ್ಷೆಗೆ ಕೊಟ್ಟೆ. ಯಾವ ದೋಷವೂ ಇಲ್ಲ ಎಂದು ಬಂತು. ಆ ಹೊಲದಲ್ಲಿ ರಾಗಿ ಸೊಗಸಾಗಿ ಬೆಳೆಯುತ್ತದೆ. ನನಗಂತೂ ಇದು ಬಗೆಹರಿದಿಲ್ಲ. ಬೇರೆ ಕಡೆ ಟೆಂಟ್ ಹಾಕಿ, ಹೇಗೋ ಕಸುಬು ಉಳಿಸಿಕೊಂಡಿದ್ದೇನೆ.

ಕಾಡು ಸುತ್ತುವ ಆಸೆಯನ್ನೇ ದುಡಿಮೆ ಮಾಡಿಕೊಳ್ಳುವವರು ನೋಟಕ್ಕೆ ಮರುಳಾಗಿ ಜಾಗ ಹಿಡಿಯಬೇಡಿ. ಅಲ್ಲಿ ಗೇಯುವ ಆಳುಗಳು ಮಧ್ಯಾಹ್ನ ಎಲ್ಲಿ ಕೂತು ಉಣ್ಣುತ್ತಾರೆಂದು ಮೊದಲು ನೋಡಿ. ಮುಂಗಡ ಕೊಡುವುದಕ್ಕೆ ಮುಂಚೆ ಅಲ್ಲೇ ಒಂದು ಪಾವು ಅಕ್ಕಿ ಬೇಯಿಸಿ. ಮೊದಲ ತುತ್ತನ್ನು ಮಾತ್ರ ಜಾಗದ ಯಜಮಾನನಿಗೇ ಬಡಿಸಿ.