ಕೊಂಬಿಗೆ ಹಚ್ಚುವ ಬಣ್ಣ

ಮಿಸ್ತ್ರಿಯವರ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ, ಚಪ್ಪಟೆಯಾಗಿ, ಕರ್ರಗೆ, ಥೇಟ್ ಒಂದು ವಾಶರಿನ ಹಾಗಿತ್ತು. ಲೇತಿನಿಂದ ಇಳಿಸಿದ ಕಬ್ಬಿಣದ ಮೇಲೆ ಅದನ್ನು ಒಮ್ಮೆ ಎಳೆದರೆ ಸಾಕು, ಎಲ್ಲಿ ಕೂದಲೆಳೆಯಷ್ಟು ಏರಿದೆ, ಎಲ್ಲಿ ತಗ್ಗಿದೆ ಎಂದು ಹೇಳುತ್ತಿದ್ದರು. ಗಿರಾಕಿಗಳ ಮೇಲೂ ಅದೇ ರೀತಿ ಎಳೆಯುತ್ತಿದ್ದರು, ಉಗುರಿನ ಬದಲು ನಾಲಿಗೆ.

ವಿಜಾಪುರದ ಸ್ಟೇಷನ್ ರಸ್ತೆಯ ಪಕ್ಕದಲ್ಲೇ, ತಗಡಿನ ಮಾಡಿನ ಕೆಳಗೆ ಅವರ ಲೇತ್ ಇತ್ತು. ಎಪ್ಪತ್ತರ ದಶಕದ ಮಾತು. ಸುತ್ತಲಿನ ಜೀಪು, ಲಾರಿಗಳ ಗಾಲಿಗೆ ಏನೇ ಆದರೂ ಮಾಲೀಕರು ಮೊದಲು ಅಲ್ಲಿಗೆ ಬಂದು ಬೈಸಿಕೊಂಡು, ಆಮೇಲೆ ರಿಪೇರಿ ಮಾಡಿಸಿಕೊಂಡು ಹೋಗುತ್ತಿದ್ದರು. ಬೈಗುಳಕ್ಕೆ ಬೇರೆ ಚಾರ್ಜು ಇರಲಿಲ್ಲ.

ನಾನು ಮೊದಲ ಸಲ ಹೋದ ದಿನ ತಿಕೋಟಾದ ಜೀಪಿನವನೊಬ್ಬ ಎದುರಿಗೆ ನಿಂತಿದ್ದ. ಗಾಲಿ ಒಳಗೆ ಉಜ್ಜುತ್ತದೆಂದು ಗಾಲಿಗೂ ಅದು ಕೂರುವ ಹಬ್‌ಗೂ ನಡುವೆ ದುಂಡನೆಯ ಬಿಲ್ಲೆ ಇಟ್ಟು ಗಾಲಿಯನ್ನು ಹೊರಕ್ಕೆ ತಳ್ಳುವುದುಂಟು. ಪುಸ್ತಕದಲ್ಲಿ ಅದಕ್ಕೆ ಸ್ಪೇಸರ್ ಎಂದು ಹೆಸರು. ಮಿಸ್ತ್ರಿ ಬಿಲ್ಲಿ ಅನ್ನುತ್ತಿದ್ದರು.

"ಒಂದ ಸಾಲಲಿಲ್ರಿ ಮಿಸ್ತ್ರಿ. ಅದಕ್ಕ ಒಂದರ ಮ್ಯಾಲ ಒಂದು ಎರಡು ಹಾಕೀನಿ," ಅಂದ ಜೀಪಿನವ.

"ಎರಕದ್ದೇನ?"

"ಹೌದ್ರಿ. ಹಳೇ ಭಾಂಡೆ ಕರಗಿಸಿ ಮಾಡಿಕೊಟ್ಟಾರ."

ಅವನು ಬಿಚ್ಚಿ ತಂದಿದ್ದ ಬಿಲ್ಲೆಯೊಂದನ್ನು ಮಿಸ್ತ್ರಿ ನೆಲಕ್ಕಿಟ್ಟು, ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ಬಿಲ್ಲೆ ಮೂರು ಹೋಳಾಯಿತು.

"ಜೀಪಿನ್ಯಾಗ ಎಷ್ಟ ಮಂದಿ ಕುಂಡ್ರಸ್ತಿ?"

"ಹದಿನಾಕ್ರಿ."

"ಮೂರ ತುಕಡಿ, ಹದಿನಾಕ ಮಂದಿ. ಸರಿಯಾಗಿ ಹಂಚು ಲೇ, ಯಾರಿಗೂ ಕಡಿಮಿ ಬೀಳಬಾರ್ದು."

ಇನ್ನು ನನ್ನ ವಿಷಯ. ನಾನು ಬಬಲೇಶ್ವರದ ಸಾಹುಕಾರರೊಬ್ಬರ ಏಕಮಾತ್ರ ಪುತ್ರ. ವಕೀಲಿ ಪರೀಕ್ಷೆ ನನ್ನನ್ನು ಮೂರು ಬಾರಿ ಸಗೌರವವಾಗಿ ನಿರಾಕರಿಸಿದ್ದರಿಂದ, ಪುಣೆಯಿಂದ ಪದವಿಯ ಬದಲು ಒಂದು ಸ್ಪೋರ್ಟ್ಸ್ ಕಾರು ತಂದಿದ್ದೆ. ಎರಡೇ ಸೀಟು, ಮೇಲೆ ಮಾಡು ಇಲ್ಲ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಊರವರು ಅದಕ್ಕೆ 'ಚಪ್ಪಲಿ' ಎಂದು ನಾಮಕರಣ ಮಾಡಿದ್ದರು. ಅದರ ಗಾಲಿಗಳು ಒಳಗೆ ಅಡಗಿ ಕೂತಿದ್ದು ನನ್ನ ಘನತೆಗೆ ಕುಂದಾಗಿ ಕಾಣುತ್ತಿತ್ತು. ರೇಸಿನ ಕಾರುಗಳ ಹಾಗೆ ಅವು ಹೊರಗೆ ಬಂದು ಎದೆಯುಬ್ಬಿಸಿ ನಿಲ್ಲಬೇಕೆಂಬುದು ಆ ಕಾಲದಲ್ಲಿ ನನಗಿದ್ದ ಏಕೈಕ ಧ್ಯೇಯ.

ಮಿಸ್ತ್ರಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಗಾಡಿ ಚೊಲೊ ಐತ್ರಿ ಸಣ್ಣ ಸಾವಕಾರ್ರ. ಇದರಾಗ ಕೆಟ್ಟ ಸಾಮಾನು ಒಂದ, ಸ್ಟೇರಿಂಗ್ ಹಿಂದ ಕುಂತದ್ದು."

ಆದರೂ ಮಾಡಿಕೊಟ್ಟರು. ಇಂಚು ಬೇಕೆಂದೆ, ಮುಕ್ಕಾಲು ಇಂಚಿಗೆ ಒಪ್ಪಿದರು. ಗಾಲಿ ಹೊರಗೆ ಹೋದಷ್ಟೂ ಬೇರಿಂಗಿಗೆ ಭಾರವೆಂಬುದು ಅವರ ವಾದ. ಎರಕದ್ದಲ್ಲ, ಗಟ್ಟಿ ಉಕ್ಕಿನಲ್ಲೇ ಕಡೆದು, ನಡುವಿನ ತೂತು ಹಬ್ ಮೇಲೆ ಗಾಳಿಯೂ ಆಡದಂತೆ ಕೂರಿಸಿದರು. "ಭಾರ ಹಬ್ ಹೊರಬೇಕು, ಬೋಲ್ಟ್ ಬರೇ ಹಿಡಕೋಬೇಕು" ಎಂದರು. ಹಳೆ ಬೋಲ್ಟು ಗಿಡ್ಡವಾಗುತ್ತವೆಂದು ಉದ್ದನೆಯವು ಹಾಕಿ, ಒಂದೊಂದೇ ನಟ್ಟು ತಿರುಗಿಸುತ್ತ ಬಾಯಿಬಿಟ್ಟು ಎಣಿಸಿದರು. ಎಂಟು ಸುತ್ತು ಕಚ್ಚಬೇಕು. ಏಳಕ್ಕೆ ನಿಂತ ಒಂದನ್ನು ಬಿಚ್ಚಿ ಬಿಸಾಕಿದರು. ಕೊನೆಗೆ ಒಣ ಅರಿವೆಯಿಂದ ಎಲ್ಲ ಮೈ ಒರೆಸಿ ನನಗೆ ಉಪದೇಶ ಮಾಡಿದರು:

"ಲೋಹಕ್ಕ ಲೋಹ ಮುಟ್ಟಬೇಕ್ರಿ. ನಡುವ ಎಣ್ಣಿ ಬ್ಯಾಡ, ಗ್ರೀಸ್ ಬ್ಯಾಡ, ಬಣ್ಣ ಬ್ಯಾಡ. ನಿಮ್ಮ ಬುದ್ಧಿ ಅಂತೂ ಬ್ಯಾಡೇ ಬ್ಯಾಡ. ಐವತ್ತು ಮೈಲಿ ಓಡಿಸಿ ತಿರುಗಿ ಬರ್ರಿ. ನಟ್ಟು ನಾನ ಬಿಗಿ ಮಾಡ್ತೀನಿ."

ಅದಾಗಿ ನಾಲ್ಕೇ ದಿನಕ್ಕೆ ಎತ್ತುಗಳ ಹಬ್ಬ, ಕಾರಹುಣ್ಣಿಮೆ ಬಂತು. ಹಿಂದಿನ ಸಂಜೆ ನಮ್ಮ ಮನೆಯ ಆಳು, ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಎತ್ತಿನ ಕೊಂಬಿಗೆ ಕೆಂಪು ಬಣ್ಣ ಹಚ್ಚುತ್ತಿದ್ದ. ನನ್ನ ಕಾರಿನ ಕಡೆ ನೋಡಿ ನಕ್ಕ.

"ನಿಮ್ಮ ಎತ್ತಿಗೆ ಕೊಂಬ ಇಲ್ಲಲ್ರಿ ಸಣ್ಣ ಧಣ್ಯಾರ."

ಈ ಮಾತಿನಲ್ಲಿ ನನಗೆ ಒಂದು ದಿವ್ಯ ಉಪಾಯ ಹೊಳೆಯಿತು. ನಾಲ್ಕೂ ಗಾಲಿ ಬಿಚ್ಚಿದೆ. ಬಿಲ್ಲೆಗಳ ಅಂಚು ಹೊರಗೆ ಕಾಣುತ್ತದಲ್ಲ, ಅದಕ್ಕೆ ಕೊಂಬಿನ ಬಣ್ಣ ಹಚ್ಚಿದೆ. ಅರೆಬರೆ ಕೆಲಸ ನನ್ನ ಜಾಯಮಾನವಲ್ಲ. ಅಂಚಿಗಷ್ಟೇ ಅಲ್ಲ, ಒಳಮೈ ಹೊರಮೈ ಎಲ್ಲಕ್ಕೂ ಎರಡೆರಡು ಕೈ ಬಳಿದೆ.

"ಮಿಸ್ತ್ರಿ ಬಣ್ಣ ಬ್ಯಾಡ ಅಂದಾರಂತ ನೀವ ಹೇಳಿದ್ರಿ?" ಅಂದ ಆಳು.

"ಮಿಸ್ತ್ರಿ ಏನ ಇಲ್ಲಿ ಬಂದು ನೋಡ್ತಾನೇನ? ನೀ ಕುಂಚ ಕೊಡು."

ಮರುದಿನ ಮುಂಜಾನೆ ಅರ್ಧ ಆರಿದ ಬಣ್ಣದ ಮೇಲೆಯೇ ಗಾಲಿ ಬಿಗಿದು, ವಿಜಾಪುರಕ್ಕೆ ಮೆರವಣಿಗೆ ಹೊರಟೆ. ಸ್ಟೇಷನ್ ರಸ್ತೆಯಲ್ಲಿ ಮಿಸ್ತ್ರಿ ಚಹಾದ ಬಸಿ ಹಿಡಿದು ಹೊರಗೇ ನಿಂತಿದ್ದರು. ನನ್ನನ್ನು ಕಂಡು ನಿಲ್ಲಿಸೆಂದು ಕೈ ಎತ್ತಿದರು. ನಿಂತರೆ ಕೆಂಪು ಕಾಣುತ್ತದೆ, ಕಂಡರೆ ನಾಲ್ಕು ಮಂದಿಯ ಎದುರು ಬೈಯುತ್ತಾರೆ. ಹಾರ್ನ್ ಹೊಡೆದು, ನಗುತ್ತ ಮುಂದೆ ಹೋದೆ. ಬರುವಾಗ ಹಿಂದಿನ ಎಡಗಾಲಿ ಸಣ್ಣಗೆ ನಡುಗುತ್ತಿತ್ತು. ಕಾರಿಗೂ ಹಬ್ಬದ ಹುರುಪು ಬಂದಿದೆ ಎಂದುಕೊಂಡೆ.

ಸಂಜೆ ಊರಬಾಗಿಲ ಅಗಸಿಯ ಮುಂದೆ ಕರಿ ಹರಿಯಿತು. ಎತ್ತುಗಳು ಅಡ್ಡ ಕಟ್ಟಿದ ಬೇವಿನ ತೋರಣ ಹರಿದುಕೊಂಡು ಓಡಿಹೋದವು. ಅವುಗಳ ಹಿಂದೆ ನಾನೂ ಚಪ್ಪಲಿಯನ್ನು ಬಿಟ್ಟೆ. ಜನ ಸಿಳ್ಳೆ ಹೊಡೆದರು. ಅಷ್ಟರಲ್ಲಿ ಕಾರು ಎಡಕ್ಕೆ ಕುಸಿಯಿತು. ನನ್ನದೇ ಗಾಲಿ ನನ್ನನ್ನು ಹಿಂದೆ ಹಾಕಿ ಓಡುವುದನ್ನು ಕಣ್ಣಾರೆ ಕಂಡೆ. ಗೋಡೆಯ ಪಕ್ಕ ನಮ್ಮ ಎತ್ತಿನ ಹಗ್ಗ ಹಿಡಿದು ಆಳು ನಿಂತಿದ್ದ. ಗಾಲಿ ಅವನ ಮೊಣಕಾಲಿಗೆ ಹೊಡೆಯಿತು. ಹಸಿ ಜಾಲಿ ಮುರಿದ ಸಪ್ಪಳ ಬಂತು. ಬಿದ್ದರೂ ಅವನು ಹಗ್ಗ ಬಿಡಲಿಲ್ಲ.

ಮಿಸ್ತ್ರಿ ಕೊಟ್ಟ ಬಿಲ್ಲೆಯೇ ಕೆಟ್ಟದ್ದೆಂದು ಅದೇ ಸಂಜೆ ಊರು ತೀರ್ಪು ಕೊಟ್ಟಿತು. ನಾನು ಆ ತೀರ್ಪಿಗೆ ಅಡ್ಡಿಪಡಿಸಲಿಲ್ಲ.

ಸುದ್ದಿ ಕೇಳಿ, ಯಾರೂ ಕರೆಯದೆ, ನಾಲ್ಕನೆಯ ದಿನ ಮಿಸ್ತ್ರಿ ಬಸ್ಸು ಹತ್ತಿ ಬಂದರು. ನಮ್ಮ ಮನೆಯ ಎದುರಿನ ಊರಕಟ್ಟೆಯ ಮೇಲೆ ಅಪ್ಪ ಮತ್ತು ಐದಾರು ಹಿರಿಯರು ಕೂತಿದ್ದರು. ಕಾಲಿಗೆ ಬಿದಿರ ದಬ್ಬೆ ಕಟ್ಟಿಸಿಕೊಂಡ ಆಳು ಪಕ್ಕದಲ್ಲೇ ಹೊರಸಿನ ಮೇಲೆ ಮಲಗಿದ್ದ. ಮಿಸ್ತ್ರಿ ಬಿಲ್ಲೆ ತರಿಸಿ, ತಿರುವಿ ನೋಡಿದರು. ಬೋಲ್ಟಿನ ತೂತುಗಳ ಸುತ್ತ ಬಣ್ಣ ಹಿಂಡಿ ಹೊರಗೆ ಬಂದಿತ್ತು.

"ಬಣ್ಣ ಹಿಂಡಿ ತೆಳ್ಳಗಾತು, ನಟ್ಟು ಸಡಲಾತು, ಗಾಲಿ ಹೋತು. ನಾ ಬರೇ ಉಕ್ಕು ಕೊಟ್ಟಿದ್ನಿ ಸಾವಕಾರ್ರ. ಈ ಬಣ್ಣ ಹಚ್ಚಿದವ್ರು ಯಾರು?"

ಅಪ್ಪ ನನ್ನ ಕಡೆ ತಿರುಗಿದರು. "ಏನೋ?"

"ಬಣ್ಣ ಹಚ್ಚೇ ಕೊಟ್ಟಿದ್ರು ಮಿಸ್ತ್ರಿ," ಅಂದೆ.

ಮಿಸ್ತ್ರಿ ಹೊರಸಿನ ಹತ್ತಿರ ಹೋದರು. "ಕಾಲು ನಿಂದು ಹೋಗೇತಿ. ನೀ ಹೇಳಪಾ, ನೋಡೀಯೇನ?"

ಆಳು ಅಪ್ಪನ ಮುಖ ನೋಡಿದ. ಆಮೇಲೆ ನನ್ನ ಮುಖ. ಅವನ ಊಟ, ಬಟ್ಟೆ, ಮೂರು ಹೆಣ್ಣುಮಕ್ಕಳು, ಎಲ್ಲ ನಮ್ಮ ಮನೆಯಲ್ಲಿದ್ದವು. "ನನಗ ಏನೂ ಗೊತ್ತಿಲ್ರಿ ಯಪ್ಪಾ," ಅಂದ.

ಹದಿನೈದು ಹೆಜ್ಜೆ ಆಚೆ ನಮ್ಮ ಎತ್ತು ಅದೇ ಕೆಂಪು ಬಣ್ಣದ ಕೊಂಬು ಅಲ್ಲಾಡಿಸುತ್ತ ಕಣಿಕೆ ಮೆಲ್ಲುತ್ತಿತ್ತು. ಕಟ್ಟೆಯ ಮೇಲಿನ ಒಬ್ಬ ಹಿರಿಯರೂ ಆ ಕಡೆ ಕತ್ತು ಹೊರಳಿಸಲಿಲ್ಲ. ಅಷ್ಟು ಒಗ್ಗಟ್ಟು ನಮ್ಮೂರಲ್ಲಿ ಮುಂದೆಂದೂ ಕಾಣಲಿಲ್ಲ.

ಮಿಸ್ತ್ರಿ ಎತ್ತನ್ನು ನೋಡಿದರು. ಹಿರಿಯರನ್ನೂ ನೋಡಿದರು. ಬಿಲ್ಲೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಹೊರಟು ನಿಂತರು. "ಸಾವಕಾರ್ರ, ನಿಮ್ಮ ಮಗಗ ಕಾರ ಓಡಸಾಕ ಬರಂಗಿಲ್ಲ. ಸುಳ್ಳು ಭಾಳ ಚೊಲೊ ಓಡಸ್ತಾನ. ವಕೀಲಿ ಬಿಡಸಬ್ಯಾಡ್ರಿ."

ಅವರು ಬಸ್ಸಿಗಾಗಿ ಎರಡು ತಾಸು ಅಗಸಿಯಲ್ಲಿ ನಿಂತಿದ್ದರಂತೆ. ಯಾರೂ ಕೂರೆನ್ನಲಿಲ್ಲ.

ಆಮೇಲೆ ಗಾಲಿಯ ಕೆಲಸ ಅವರ ಕಡೆ ಬರುವುದು ನಿಂತಿತು. ಮೊದಲು ಬಬಲೇಶ್ವರದವರು ಬಿಟ್ಟರು, ಆಮೇಲೆ ನಿಡೋಣಿಯವರು. ಕೊನೆಗೆ ತಿಕೋಟಾದ ಆ ಜೀಪಿನವನೂ 'ಗಾಲಿ ಹಾರಿಸೋ ಮಿಸ್ತ್ರಿ' ಎಂದು ಹೇಳಿಕೊಂಡು ತಿರುಗಿದ. ಬಾವಿಯ ಗಡಗಡೆಗೆ ಬುಷ್, ಹಿಟ್ಟಿನ ಗಿರಣಿಗೆ ಪಿನ್ನು ಕಡೆಯುತ್ತ ದಿನ ತಳ್ಳಿದರು. ಆಳು ಕುಂಟುತ್ತ ನಮ್ಮ ಬಾಗಿಲು ಕಾಯ್ದ. ನನ್ನನ್ನು ಕಂಡಾಗಲೆಲ್ಲ, ಕೋಲು ಊರಿ, ಮೊದಲಿನ ಹಾಗೇ ಎದ್ದು ನಿಲ್ಲುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ, ಇನ್ನು ಹೆದರಿಕೆಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಿಸ್ತ್ರಿಯ ಬಳಿ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಲೇತ್ ನಿಲ್ಲಿಸಲಿಲ್ಲ.

"ನನಗ್ಯಾಕ ಹೇಳಾಕ ಬಂದಿ? ಬಣ್ಣ ನಾ ಹಚ್ಚಿಲ್ಲ ಅನ್ನೂದು ನನಗ ಗೊತ್ತೈತಿ. ಗೊತ್ತಾಗಬೇಕಾದವ್ರು ಬಬಲೇಶ್ವರದಾಗ ಅದಾರ. ಅದೇ ಕಟ್ಟಿ ಮ್ಯಾಲ ನಿಂತು ಹೇಳು."

"ಹೇಳ್ತೀನ್ರಿ. ಇದೇ ವಾರ."

"ಸಂತಿ ದಿನ ಹೇಳು. ಮಂದಿ ಭಾಳ ಇರ್ತಾರ."

ಸಂತೆಯ ದಿನ ಕಟ್ಟೆಯ ಮುಂದೆ ನಿಂತೆ. ಹಿರಿಯರೆಲ್ಲ ಇದ್ದರು. "ಏನಪಾ, ಬಾ, ಕೂಡು" ಎಂದು ಸರಿದು ಜಾಗ ಮಾಡಿಕೊಟ್ಟರು. ಜೋಳದ ಧಾರಣೆ ಕೇಳಿಕೊಂಡು ಮನೆಗೆ ಬಂದೆ.

ಅದೇ ಚಳಿಗಾಲದಲ್ಲಿ ಮಿಸ್ತ್ರಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರ ತಮ್ಮನೋ ಯಾರೋ ಬಂದು, "ನೀವು ನಮ್ಮಣ್ಣಗ ಹೆಂಗ ಪರಿಚಯರಿ?" ಎಂದು ಕೇಳಿದರು. "ಹಳೇ ಗಿರಾಕಿ," ಎಂದೆ. ಗಿರಾಕಿಯೊಬ್ಬರಾದರೂ ಬಂದರಲ್ಲ ಎಂದು ಅವರು ನನ್ನ ಕೈ ಹಿಡಿದುಕೊಂಡು ಅತ್ತರು.

ಇದನ್ನೆಲ್ಲ ಬರೆಯುವ ಧೈರ್ಯ ಇವನಿಗೆ ಈಗ ಬಂತಲ್ಲ ಎಂದು ಯಾರೂ ಮೆಚ್ಚಬೇಕಾಗಿಲ್ಲ. ಅಂದು ಆ ಕಟ್ಟೆಯ ಮೇಲೆ ಕೂತಿದ್ದವರಲ್ಲಿ ಕಡೆಯವರು ಹೋದ ವರ್ಷ ತೀರಿಕೊಂಡರು. ಅವರ ದಿನಕರ್ಮ ಮುಗಿದ ಮೇಲೆ ಬರೆಯಲು ಕೂತೆ.